ಐದನೇ 'ಬ' ವರ್ಗದ ಉದ್ಧರಣ ಚಿಹ್ನೆಗಳು

ಸಣ್ಣ ಮಕ್ಕಳಿಗೆ ಇಂಗ್ಲಿಷ್‌ನಲ್ಲಿ ಸಂಭಾಷಣೆ ಬರೆಯುವುದನ್ನು ಕಲಿಸುವವನಿಗೆ ಫಜೀತಿ ತಪ್ಪಿದ್ದಲ್ಲ. ನಾಲ್ಕು ದಿನ ಏನೂ ಆಗಲಿಲ್ಲವೆಂದರೆ ಮಕ್ಕಳಿಗೆ ರಜೆ ಇದೆ ಎಂದು ತಿಳಿಯಬೇಕು.

ನಾನು ಹುಬ್ಬಳ್ಳಿಯ ಒಂದು ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಮಾಸ್ತರ. ಯಾರ ಮಾತು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು, ಕಾಮಾ ಎಲ್ಲಿ, ದೊಡ್ಡ ಅಕ್ಷರ ಎಲ್ಲಿ ಎಂದು ಐದನೇ ತರಗತಿಗೆ ಹೇಳಿಕೊಡುವುದು ಬಹಳ ವರ್ಷಗಳಿಂದ ನನ್ನ ಕೆಲಸ. ನಾನು ಮಾತು ಕಡಿಮೆಯ ಮನುಷ್ಯ. ಬೇರೆಯವರ ಮಾತಿಗೆ ಚಿಹ್ನೆ ಹಾಕುವುದರಲ್ಲೇ ಅರ್ಧ ಆಯುಷ್ಯ ಹೋಗಿದೆ.

ಕಳೆದ ವರ್ಷ ಮಕ್ಕಳ ಸಂಖ್ಯೆ ಹೆಚ್ಚಿತೆಂದು ಐದನೇ ತರಗತಿಯನ್ನು 'ಅ' ಮತ್ತು 'ಬ' ಎಂದು ಒಡೆದರು. 'ಅ' ನನಗೆ ಉಳಿಯಿತು. 'ಬ' ವರ್ಗಕ್ಕೆ ರಾಯಾಪುರದಿಂದ ಬಸ್ಸಿನಲ್ಲಿ ಬಂದು ಹೋಗುವ ಹೊಸ ಶಿಕ್ಷಕಿ ಬಂದರು. ನಮ್ಮ ಕಡೆ ಶಿಕ್ಷಕಿಯರಿಗೆ 'ಅಕ್ಕಾರು' ಎನ್ನುತ್ತಾರೆ. ಶಾಲೆಯಲ್ಲಿ ಅಕ್ಕಾರು ಇನ್ನೂ ಮೂವರಿದ್ದರು. ಆದರೆ ಒಂದೇ ತಿಂಗಳಿನಲ್ಲಿ ಬರೀ 'ಅಕ್ಕಾರು' ಎಂದರೆ ಇವರೇ ಎಂದಾಯಿತು.

ಸುತ್ತಲಿನ ಶಾಲೆಗಳ ಶಿಕ್ಷಕರೆಲ್ಲ ಆಗಾಗ ಒಂದೆಡೆ ಸೇರುತ್ತಾರೆ. ಅಲ್ಲಿ ಒಬ್ಬರು ಎಲ್ಲರೆದುರು ಮಾದರಿ ಪಾಠ ಮಾಡಿ ತೋರಿಸಬೇಕು. ಆ ವರ್ಷ ಸಭೆ ನಮ್ಮ ಶಾಲೆಗೆ ಬಂತು. ಹೆಡ್ ಮಾಸ್ತರು ಹೇಳಿದರು:

"ಇಂಗ್ಲಿಷ್ ಸಂಭಾಷಣೆ ಪಾಠಾನ ಇಡೋಣ್ರಿ. ಯಾರು ಮಾಡಬೇಕು ಅನ್ನೋದು ನೋಡಿ ಹೇಳ್ತೇನಿ."

ನೋಡಿ ಹೇಳುವುದು ಏನಿತ್ತು? ಆ ಪಾಠ ನನ್ನದು. ಹಾಗೆಂದು ಬಾಯಿಬಿಟ್ಟು ಹೇಳುವ ಸ್ವಭಾವ ನನ್ನದಲ್ಲ. ನಾನು ಓದಿದ ಪುಸ್ತಕಗಳಲ್ಲಿ ಹೊಟ್ಟೆಕಿಚ್ಚು ರಾಜರಿಗೂ ಸೇನಾಪತಿಗಳಿಗೂ ಬರುವಂಥದ್ದು, ಅದರಿಂದ ಕೋಟೆಗಳು ಬೀಳುತ್ತಿದ್ದವು. ಒಂದು ಕಾಮಾದ ಸಲುವಾಗಿ ಅದು ಒಬ್ಬ ಮಾಸ್ತರನಿಗೂ ಬರಬಹುದೆಂದು ಯಾರೂ ಬರೆದಿರಲಿಲ್ಲ.

ದೊಡ್ಡ ಅಕ್ಷರ

ಕನ್ನಡದಲ್ಲಿ ಅಕ್ಷರಗಳು ಒಂದೇ ಅಳತೆಯವು. ಅರಸನಿಗೂ ಅಳಿಲಿಗೂ ಅದೇ 'ಅ'. ಆದ್ದರಿಂದ ಇಂಗ್ಲಿಷ್‌ನಲ್ಲಿ ಹೆಸರಿನ ಮೊದಲ ಅಕ್ಷರ ಯಾಕೆ ದೊಡ್ಡದಾಗಬೇಕು ಎಂದು ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ. ನಾನು ಪ್ರತಿ ವರ್ಷ ಕೊಡುವ ಉತ್ತರವನ್ನೇ ಕೊಟ್ಟೆ.

"ಮರ್ಯಾದಿಗೆ."

ಅಷ್ಟಕ್ಕೆ ನಿಲ್ಲಿಸಿದ್ದೇ ತಪ್ಪಾಯಿತು. 'ರೀ' ಹಚ್ಚದೆ ಮಾತಾಡಿದರೆ ಮನೆಯಲ್ಲಿ ಬೈಸಿಕೊಳ್ಳುವ ಮಕ್ಕಳು ಅವು. ಮರ್ಯಾದೆಗೆ ಒಂದೇ ಅಕ್ಷರ ಸಾಲುವುದಿಲ್ಲ ಎನ್ನುವುದು ಅವುಗಳಿಗೆ ಹುಟ್ಟಿನಿಂದ ಗೊತ್ತು. ಮರುದಿನ ಶಾಲೆಯಲ್ಲಿ ಯಾರು ಯಾರಿಗೆ ಏನಂದರು ಎಂದು ಬರೆಯಲು ಹೇಳಿದೆ. ಒಬ್ಬ ಹುಡುಗಿಯ ಬರಹದಲ್ಲಿ ಹೆಡ್ ಮಾಸ್ತರ ಹೆಸರು ಮೊದಲಿನಿಂದ ಕೊನೆಯವರೆಗೆ ದೊಡ್ಡ ಅಕ್ಷರಗಳಲ್ಲಿತ್ತು. ಅವಳ ಹೊಸ ಕಂಪಾಸ್ ಪೆಟ್ಟಿಗೆ ಮುರಿದ ಹುಡುಗನ ಹೆಸರಿನಲ್ಲಿ ಒಂದೂ ದೊಡ್ಡ ಅಕ್ಷರವಿರಲಿಲ್ಲ. ನನ್ನ ಹೆಸರಿನಲ್ಲಿ ಮೊದಲನೆಯದು ಮಾತ್ರ ದೊಡ್ಡದು. ಅಕ್ಕಾರ ಹೆಸರು ಪೂರ್ತಿ ದೊಡ್ಡ ಅಕ್ಷರಗಳಲ್ಲಿ, ಕೆಳಗೆ ಗೆರೆ ಬೇರೆ.

ನಾನು ಕೇಳಿದೆ: "ನನ್ನ ಹೆಸರಿಗೆ ಒಂದ ಯಾಕ ಹಾಕಿ?"

"ನೀವ ಹೇಳೀರಲ್ರೀ ಸರ್, ಮೊದಲನೇದ ಮಾತ್ರ ದೊಡ್ಡದು ಅಂತ."

"ಮತ್ತ ಅಕ್ಕಾರದು?"

ಹುಡುಗಿ ನನ್ನ ಮುಖ ನೋಡಿತು. ಇಷ್ಟೂ ತಿಳಿಯದೇ ಎನ್ನುವ ಹಾಗೆ ಮೆಲ್ಲಗೆ ಹೇಳಿತು:

"ಅವರು ಛಲೋ ಅದಾರ್ರೀ ಸರ್."

ಚಾಕ್

ನಾನು ಕಲಿಸುವ ರೀತಿ ಸರಳ. ಬೋರ್ಡಿನ ಮೇಲೆ ವಾಕ್ಯ ಬರೆಯುತ್ತೇನೆ. ಬಾಯಿಂದ ಬಂದದ್ದನ್ನು ಉದ್ಧರಣ ಚಿಹ್ನೆಯ ಒಳಗೆ ಇಡುತ್ತೇನೆ, ಉಳಿದದ್ದನ್ನು ಹೊರಗೆ. ಮಕ್ಕಳು ಬರೆದುಕೊಳ್ಳುತ್ತಾರೆ. ನನ್ನ ತರಗತಿಯಲ್ಲಿ ಫ್ಯಾನಿನ ಸಪ್ಪಳ ಸ್ಪಷ್ಟವಾಗಿ ಕೇಳಿಸುತ್ತದೆ. ಅದು ನನಗೆ ಹೆಮ್ಮೆಯ ಸಂಗತಿಯಾಗಿತ್ತು.

ಈಗ ಫ್ಯಾನಿನ ಸಪ್ಪಳದ ಜೊತೆಗೆ ಪಕ್ಕದ ಕ್ಲಾಸಿನ ನಗುವೂ ಕೇಳಿಸತೊಡಗಿತು. ಅಲ್ಲಿ ಕೇಕೆ ಬಿದ್ದಾಗಲೆಲ್ಲ ನನ್ನ ಮಕ್ಕಳ ತಲೆಗಳು ಗೋಡೆಯ ಕಡೆ ತಿರುಗುತ್ತಿದ್ದವು. ಅಲ್ಲಿ ಏನು ನಡೆದಿದೆ ಎಂದು ಅವರಿಗಿಂತ ಹೆಚ್ಚಿನ ಕುತೂಹಲ ನನಗಿತ್ತು. ಮಾಸ್ತರನಾದವನು ಪಕ್ಕದ ಕಿಟಕಿಯಲ್ಲಿ ಇಣುಕುವುದು ಶೋಭಿಸುವುದಿಲ್ಲ. ನಾನು ಚಾಕ್ ಕೇಳಲು ಹೋದೆ.

ಅಕ್ಕಾರು ಒಬ್ಬ ಹುಡುಗಿಯನ್ನು ನಡುವೆ ನಿಲ್ಲಿಸಿದ್ದರು. ಎಡಕ್ಕೊಬ್ಬ, ಬಲಕ್ಕೊಬ್ಬ ಹುಡುಗ ಎರಡೆರಡು ಬೆರಳು ಬಾಗಿಸಿ ಕಿವಿಯ ಹತ್ತಿರ ಎತ್ತಿ ಹಿಡಿದಿದ್ದರು. ಅವರು ಉದ್ಧರಣ ಚಿಹ್ನೆಗಳು. ನಡುವಿನ ಹುಡುಗಿ ಏನೋ ಹೇಳಿದಳು. ಅವಳ ಮಾತು ಮುಗಿದ ಕೂಡಲೇ ದುಂಡಗಿನ ಹುಡುಗನೊಬ್ಬ ಓಡಿಬಂದು ಅವಳ ಕಾಲ ಬಳಿ ಮುದುಡಿ ಕೂತ. ಅವನು ಫುಲ್ ಸ್ಟಾಪ್. ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ಬಿದ್ದದ್ದು ಅವನಿಗೆ.

ಮರುದಿನ ಪ್ರಶ್ನಾರ್ಥಕ ಚಿಹ್ನೆಯ ಪಾಠ. ಅದಕ್ಕೆ ಯಾರು ಹೇಗೆ ಬಾಗುತ್ತಾರೆಂದು ನೋಡಬೇಕಿತ್ತು. ಚಾಕ್ ಕೇಳಲು ಹೋದೆ. ಅದರ ಮರುದಿನವೂ ಹೋದೆ. ಒಮ್ಮೆ ಕೈಯಲ್ಲಿ ಚಾಕ್ ಹಿಡಿದುಕೊಂಡೇ ಚಾಕ್ ಕೇಳಿದೆ. ಅಕ್ಕಾರು ನಕ್ಕು ಇನ್ನೊಂದು ಕೊಟ್ಟರು.

ಆ ವಾರದ ಕೊನೆಗೆ ಶಾಲೆಯ ಸಿಪಾಯಿ ನನ್ನ ಮೇಜಿನ ಮೇಲೆ ಚಾಕಿನ ದೊಡ್ಡ ಪೆಟ್ಟಿಗೆಯೊಂದನ್ನು ತಂದಿಟ್ಟ.

"ಅಕ್ಕಾರು ತಮ್ಮ ರೊಕ್ಕದಾಗ ತರಿಸ್ಯಾರ್ರೀ ಸರ್. ಪಾಪ, ಹಿರೇ ಮನಿಷಾ, ದಿನಾ ಅಡ್ಡಾಡಿ ದಣೀತಾರ ಅಂದ್ರು."

ಶಿಕ್ಷೆ

ಅವರ ಪದ್ಧತಿಯನ್ನು ನಾನೂ ಮಾಡಿ ನೋಡಿದೆ. ಕದ್ದದ್ದಲ್ಲ, ಪರೀಕ್ಷೆ ಮಾಡಿದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಮೂವರು ಹುಡುಗರನ್ನು ಮುಂದೆ ಕರೆದೆ. ಇಬ್ಬರು ಚಿಹ್ನೆಗಳು, ನಡುವಿನವನು ಮಾತಾಡುವವನು. ತನಗೆ ಹಸಿವಾಗಿದೆ ಎಂದು ಅವನು ಇಂಗ್ಲಿಷ್‌ನಲ್ಲಿ ಹೇಳಬೇಕು. ನನ್ನೆದುರು ನಿಂತ ಹೆದರಿಕೆಗೆ ಅವನಿಗೆ ಹಸಿವೂ ಮರೆಯಿತು, ಇಂಗ್ಲಿಷೂ ಮರೆಯಿತು.

ಎಡಗಡೆಯ ಚಿಹ್ನೆ ಗೊಣಗಿತು: "ಲಗೂ ಹೇಳಲೇ, ಕೈ ನೋಯಾಕತ್ತಾವ."

"ನೀನು ಚಿಹ್ನೆ. ಮಾತಾಡಬಾರದು," ಎಂದೆ.

"ನಾ ಏನ್ ಮಾತಾಡಿದ್ರೂ ಲೆಕ್ಕಕ್ಕಿಲ್ರೀ ಸರ್. ಒಳಗ ಇದ್ದಾವ ಅವಾ, ನಾ ಹೊರಗ ಅದೇನಿ."

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಬಲಗಡೆಯ ಚಿಹ್ನೆಗೆ ನಗು ಬಂತು. ನಾನು ಗಂಭೀರವಾಗಿ ಅದರ ಕಡೆ ನೋಡಿದೆ. ಅದರ ಮುಖ ಅಳುವ ಹಾಗಾಯಿತು. ಸರಿಯಾಗಿ ಆಗಲೇ ಹೆಡ್ ಮಾಸ್ತರು ಬಾಗಿಲಲ್ಲಿ ಬಂದು ನಿಂತರು. ಮಾದರಿ ಪಾಠ ಯಾರಿಗೆ ಕೊಡಬೇಕೆಂದು ನೋಡಲು ಅವರು ಎರಡೂ ಕ್ಲಾಸು ಸುತ್ತುತ್ತಿದ್ದರು. ಕಿವಿಯ ಬಳಿ ಕೈ ಇಟ್ಟುಕೊಂಡ ಇಬ್ಬರು, ನಡುವೆ ತಲೆ ತಗ್ಗಿಸಿದ ಒಬ್ಬ, ಎದುರಿಗೆ ನಾನು.

ಅವರು ನನ್ನನ್ನು ಮೆಲ್ಲಗೆ ಹೊರಗೆ ಕರೆದರು.

"ಮಾಸ್ತರ, ಹುಡುಗರಿಗೆ ಕಿವಿ ಹಿಡಿಸಿ ನಿಂದರಿಸಬಾರದು ಅಂತ ಆಫೀಸಿನಿಂದ ಹೇಳ್ಯಾರ. ನಿಮಗ ತಿಳೀದ್ದೇನಲ್ಲ. ಮಾಡಿದ್ದೇನ್ರೀ ಅವರು?"

"ಉದ್ಧರಣ ಚಿಹ್ನೆ," ಎಂದೆ.

"ಅದನ್ನ ಮರತಿದ್ದಕ್ಕ ಇಷ್ಟ ಶಿಕ್ಷಾ ಕೊಡ್ತೀರೇನ್ರೀ?" ಎಂದು ಅವರು ಪಕ್ಕದ ಬಾಗಿಲಿಗೆ ಹೋದರು. ಅಲ್ಲಿಯೂ ಇಬ್ಬರು ಹುಡುಗರು ಹಾಗೆಯೇ ಕೈ ಎತ್ತಿ ನಿಂತಿದ್ದರು. ಹೆಡ್ ಮಾಸ್ತರ ದನಿ ನನಗೆ ಕೇಳಿಸಿತು:

"ಆಹಾ! ಏನ್ ಛಂದ ಆಟಾ ಆಡಸ್ತೀರಿ ಅಕ್ಕಾರ!"

ಎಲ್ಲರ ಮನೆಯ ಯಜಮಾನ

ಇನ್ನು ಮನೆಗೆಲಸದಿಂದಲೇ ಗೆಲ್ಲಬೇಕು ಎಂದುಕೊಂಡೆ. ಮನೆಯಲ್ಲಿ ಅಪ್ಪ ಅವ್ವ ಆಡುವ ಮಾತನ್ನು ಕೇಳಿ ಇಂಗ್ಲಿಷ್‌ನಲ್ಲಿ ಬರೆದುಕೊಂಡು ಬರಲು ಹೇಳಿದೆ. ಮಕ್ಕಳು ಬಹಳ ಚೆನ್ನಾಗಿ ಬರೆದಿದ್ದರು. ಕಾಮಾ ಜಾಗದಲ್ಲಿ ಕಾಮಾ ಇತ್ತು, ಚಿಹ್ನೆಗಳು ತೆರೆದಲ್ಲಿ ತೆರೆದು ಮುಚ್ಚಿದಲ್ಲಿ ಮುಚ್ಚಿದ್ದವು. ಹೆಡ್ ಮಾಸ್ತರಿಗೆ ತೋರಿಸಲು ಎತ್ತಿಡುತ್ತಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಎಲ್ಲ ಮನೆಗಳಲ್ಲೂ ಅಪ್ಪನ ಹೆಸರು ಒಂದೇ. ಚಹಾ ಆರುತ್ತಿರುವುದು 'ರೀ' ಎಂಬವನದು. ಗ್ಯಾಸ್ ಸಿಲಿಂಡರ್ ತರಬೇಕಾದವನು 'ರೀ'. ಟಿವಿ ಆರಿಸದವನೂ 'ರೀ'. ಎಲ್ಲ ಕಡೆ ಮೊದಲ ಅಕ್ಷರ ಮರ್ಯಾದೆಯಿಂದ ದೊಡ್ಡದು.

"ಯಾರಿವನು?" ಎಂದು ಕೇಳಿದೆ.

"ನಮ್ಮಪ್ಪಾರ್ರೀ," ಎಂದು ಇಡೀ ಕ್ಲಾಸು ಹೇಳಿತು.

ನನ್ನ ಹೆಂಡತಿಯೂ ನನ್ನನ್ನು ಕರೆಯುವುದು ಹಾಗೆಯೇ. ಗಂಡನ ಹೆಸರು ಹೇಳಬಾರದೆನ್ನುವ ಪದ್ಧತಿ ನಮ್ಮ ಬೆಂಗೇರಿಯ ಮನೆಯಲ್ಲೂ ಇದೆ. ಆದರೆ ಕೈಯಲ್ಲಿ ಕೆಂಪು ಪೆನ್ನು ಇದ್ದಾಗ ಸ್ವಂತ ಮನೆಯ ಸಂಗತಿ ಯಾರಿಗೆ ಹೊಳೆಯುತ್ತದೆ?

"ನಾಳೆ ಅವ್ವ ಅಪ್ಪನ ಹೆಸರು ಹಿಡಿದು ಕರೆದ ಮಾತು ಬರಕೊಂಡು ಬರ್ರಿ. ನೀವಾಗಿ ಹೆಸರು ಸೇರಸಬಾರದು. ಅವ್ವನ ಬಾಯಿಂದನ ಬಂದಿರಬೇಕು," ಎಂದೆ.

ಮರುದಿನ ಶಾಲೆಯ ಗೇಟಿನಲ್ಲಿ ಅವ್ವಂದಿರೇ ನಿಂತಿದ್ದರು. ಎಲ್ಲರಿಗಿಂತ ಮುಂದೆ ಅಮ್ಮಿನಬಾವಿ ತವರಿನ ಒಬ್ಬಾಕೆ. ಆಕೆಯ ದನಿಗೆ ಬೇಲಿ ಇರಲಿಲ್ಲ.

"ಏನ್ರೀ ಮಾಸ್ತರ, ಇದೆಂಥಾ ಅಭ್ಯಾಸ ಹಚ್ಚೀರಿ? 'ಅಪ್ಪನ ಹೆಸರ ಹೇಳು, ಹೇಳು' ಅಂತ ನಿನ್ನಿ ಸಂಜೀಲಿಂದ ಸೆರಗ ಹಿಡಕೊಂಡ ಕುಂತಾನ ನಮ್ಮ ಹುಡುಗ. ನಮ್ಮತ್ತಿ ಅಲ್ಲೇ ಕಟ್ಟಿಮ್ಯಾಲ ಕುಂತಾಳ. ಹೆಂಗ ಹೇಳ್ಲಿ?"

ಇನ್ನೊಬ್ಬಾಕೆ ಹೇಳಿದಳು: "ನಮ್ಮಾವಾರು 'ಸಾಲ್ಯಾಗ ಇದನ್ನ ಕಲಸ್ತಾರೇನು' ಅಂತ ಕೇಳಾಕತ್ತಾರ. ನೀವ ಬಂದು ಉತ್ತರಾ ಹೇಳ್ರಿ."

ಹೆಡ್ ಮಾಸ್ತರು ಹೊರಗೆ ಬಂದರು. ನಾನು ಅವರ ಹಿಂದೆ ಸರಿದು ನಿಂತೆ. ಬಸ್ಸಿಳಿದು ಬರುತ್ತಿದ್ದ ಅಕ್ಕಾರು ಹೆಗಲಿನ ಚೀಲವನ್ನೂ ಇಳಿಸದೆ ಹೆಂಗಸರ ನಡುವೆ ಬಂದು ನಿಂತರು.

"ಅಲ್ರೀ ತಾಯೀ, ಬರೇ ಹೆಸರ ಯಾರು ಹೇಳ ಅಂತಾರ? ಒಡಪ ಹಾಕಿ ಹೇಳ್ರಿ!"

ಮದುವೆಯಲ್ಲೋ ಸೀಮಂತದಲ್ಲೋ ಗಂಡನ ಹೆಸರು ಹೇಳೆಂದು ಹೆಂಗಸರು ಗಂಟುಬಿದ್ದಾಗ ನಮ್ಮ ಕಡೆ ಅದನ್ನು ಪ್ರಾಸದ ಸಾಲುಗಳ ತುದಿಯಲ್ಲಿಟ್ಟು ಹೇಳುತ್ತಾರೆ. ಅದೇ ಒಡಪು. ಒಡಪಿನಲ್ಲಿ ಹೇಳಿದರೆ ಅತ್ತೆಯೂ ನಗುತ್ತಾಳೆ. ಜಗಳಕ್ಕೆ ಬಂದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅಮ್ಮಿನಬಾವಿಯಾಕೆ ಸೆರಗು ಸರಿಪಡಿಸಿಕೊಂಡು ಶುರು ಮಾಡಿದಳು. ಅವಳದು ಮುಗಿಯುವ ಮೊದಲೇ ಇನ್ನೊಬ್ಬಳು. ನನ್ನ ಕ್ಲಾಸಿನ ಮಕ್ಕಳೇ ಗೇಟಿನ ಕಟ್ಟೆಯ ಮೇಲೆ ಪಾಟಿಚೀಲ ಇಟ್ಟುಕೊಂಡು ಬರೆದುಕೊಳ್ಳತೊಡಗಿದರು. ಪ್ರಾರ್ಥನೆಯ ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ.

ಹೆಡ್ ಮಾಸ್ತರು ಕುಣಿಯುವುದೊಂದೇ ಬಾಕಿ.

"ಇದ ನೋಡ್ರಿ ಮಾದರಿ ಪಾಠ! ಅಕ್ಕಾರ, ತಾಯಂದಿರನ್ನ ಕರೀರಿ. ಅವರು ಒಡಪ ಹೇಳ್ಲಿ, ಮಕ್ಕಳು ಇಂಗ್ಲಿಷ್‌ನ್ಯಾಗ ಬರೀಲಿ. ನೀವ ಪಾಠ ಮಾಡ್ರಿ."

ಆಮೇಲೆ ನಾನೂ ಅಲ್ಲಿದ್ದೇನೆ ಎನ್ನುವುದು ಅವರ ನೆನಪಿಗೆ ಬಂತು.

"ಮಾಸ್ತರ, ನೀವು ಬೋರ್ಡ್ ಮ್ಯಾಲ ಬರೀರಿ. ನಿಮ್ಮ ಅಕ್ಷರ ದುಂಡಗ ಅದಾವ."

ಮಾದರಿ ಪಾಠ

ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಾಗಲೇ ಹೆಂಡತಿ ಕೇಳಿದಳು:

"ರೀ, ಪಾಠ ಯಾರಿಗೆ ಕೊಟ್ರು?"

"ಆಕಿಗೆ. ಅದೇನ್ ಪಾಠ, ಹುಚ್ಚಾಟ!"

ಅಂದಿನಿಂದ ಸಭೆಯ ದಿನದವರೆಗೆ ಆ ಮಾತನ್ನು ನಾನು ಊಟಕ್ಕೊಮ್ಮೆ, ಚಹಾಕ್ಕೊಮ್ಮೆ ಹೇಳಿರಬೇಕು. ಅವಳು ಎದುರಾಡಲಿಲ್ಲ. ರೊಟ್ಟಿ ಬಡಿಯುತ್ತ ತುಟಿಯಲ್ಲೇ ಏನೋ ಗುಣುಗುಣಿಸುತ್ತಿದ್ದಳು. ದೇವರ ಹಾಡು ಎಂದುಕೊಂಡೆ.

ಸಭೆಯ ದಿನ ಶಾಲೆಯ ದೊಡ್ಡ ಕೋಣೆ ತುಂಬಿತ್ತು. ಹಿಂದೆ ಬೇರೆ ಬೇರೆ ಶಾಲೆಗಳ ಶಿಕ್ಷಕರು, ನಡುವೆ ಒಬ್ಬ ಅಧಿಕಾರಿ, ಮುಂದೆ ಎರಡೂ ವರ್ಗಗಳ ಮಕ್ಕಳು, ಒಂದು ಮಗ್ಗುಲಿಗೆ ತಾಯಂದಿರು. ಬೋರ್ಡಿನ ಪಕ್ಕದಲ್ಲಿ ನಾನು, ಚಾಕ್ ಹಿಡಿದುಕೊಂಡು.

ಅಕ್ಕಾರು ನಕ್ಕು ಕೇಳಿದರು: "ಹೂಂ, ಯಾರು ಮೊದಲ ಹೇಳ್ತೀರಿ?"

ಯಾರೂ ಏಳಲಿಲ್ಲ. ಗೇಟಿನಲ್ಲಿ ಅಷ್ಟು ಗದ್ದಲ ಮಾಡಿದ ಹೆಂಗಸರು ಅಪರಿಚಿತ ಗಂಡಸರನ್ನು ನೋಡಿ ಸೆರಗು ಬಾಯಿಗೆ ಹಚ್ಚಿಕೊಂಡರು. ಅಮ್ಮಿನಬಾವಿಯಾಕೆ ನೆಲ ನೋಡುತ್ತಿದ್ದಳು. ಅಕ್ಕಾರ ನಗು ಸ್ವಲ್ಪ ಸಣ್ಣದಾಯಿತು. ಅಧಿಕಾರಿ ಗಡಿಯಾರ ನೋಡಿದರು. ನನ್ನೊಳಗೆ ಒಂದು ತಣ್ಣನೆಯ ಸುಖ ಹರಡಿತು. ಇದು ಕೆಟ್ಟರೆ ಬೋರ್ಡಿನ ಬಳಿ ನಾನಿದ್ದೇನೆ, ಚಾಕೂ ನನ್ನ ಕೈಯಲ್ಲೇ ಇದೆ. ನನ್ನ ಪಾಠಕ್ಕೆ ಬೇಕಾದದ್ದೂ ಅಷ್ಟೇ. ಒಂದು ಹೆಜ್ಜೆ ಮುಂದಿಟ್ಟೆ.

ಆಗ ತಾಯಂದಿರ ಹಿಂದಿನ ಸಾಲಿನಿಂದ ಒಂದು ದನಿ ಬಂತು.

"ನಾ ಹೇಳ್ತೇನ್ರಿ."

ನನ್ನ ಹೆಂಡತಿ. ಮದುವೆ ಮನೆಗೆ ಉಡುವ ಇಳಕಲ್ ಸೀರೆ ಉಟ್ಟಿದ್ದಳು. ಬೆಂಗೇರಿ ಸಂತೆಯಲ್ಲಿ ಅಕ್ಕಾರು ಭೆಟ್ಟಿಯಾಗಿ, "ಯಾರೂ ಬಾಯಿ ಬಿಡಲಿಲ್ಲಂದ್ರ ನೀವ ಕೈ ಹಿಡೀಬೇಕ್ರೀ ವೈನೀ" ಎಂದು ಅತ್ತಿಗೆಯನ್ನು ಕೇಳುವ ಹಾಗೆ ಕೇಳಿದ್ದರಂತೆ. ಇವಳು ನನಗೆ ಒಂದು ಮಾತೂ ಹೇಳಿರಲಿಲ್ಲ. ಎದ್ದು ನಿಂತು, ನನ್ನ ಕಡೆ ನೋಡದೆ, ಸ್ಪಷ್ಟವಾಗಿ ಹೇಳಿದಳು:

"ಒಲಿ ಮ್ಯಾಲ ಹಾಲು, ಒಲಿಯಾಗ ಕಿಚ್ಚು,
ಇವರ ಹೊಟ್ಟ್ಯಾಗಿನ ಕಿಚ್ಚು ಅದಕಿಂತ ಹೆಚ್ಚು;
ಹಗಲೆಲ್ಲಾ ಅಂತಾರ ಅಕ್ಕಾರ ಪಾಠ ಹುಚ್ಚು,
ನಿದ್ದಿಯಾಗ ಅಂತಾರ ಅದ ನನಗೂ ಮೆಚ್ಚು..."

ಕೊನೆಯಲ್ಲಿ ನನ್ನ ಹೆಸರು, ರಾಯರು ಎಂದು ಸೇರಿಸಿ. ಮದುವೆಯ ದಿನ ಬಿಟ್ಟರೆ ಅವಳ ಬಾಯಲ್ಲಿ ನನ್ನ ಹೆಸರನ್ನು ಕೇಳಿದ್ದು ಅದೇ ಮೊದಲು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಅವಳಿ ನಗರದ ಶಿಕ್ಷಕರಿಗೆಲ್ಲ ಅದು ಗೊತ್ತಾಗಿ ಹೋಗಿದೆ.

ಕೋಣೆ ನಗುವಿನಿಂದ ಅಲ್ಲಾಡಿತು. ಅಧಿಕಾರಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಕ್ಕಾರ ಮುಖ ಮಾತ್ರ ಕೆಂಪಾಗಿತ್ತು. ಒಡಪಿನಲ್ಲಿ ಇದೆಲ್ಲ ಬರುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ಹೆಡ್ ಮಾಸ್ತರು ಕೂತಲ್ಲಿಂದಲೇ ಹೇಳಿದರು: "ಬರೀರಿ ಮಾಸ್ತರ, ಬರೀರಿ."

ಬರೆದೆ. ಮೊದಲ ಸಾಲನ್ನು ಇಂಗ್ಲಿಷಿಗೆ ತಂದೆ. ನಂತರ ಮೂರನೆಯದಕ್ಕೆ ಕೈ ಹಾಕಿದೆ.

"ಸರ್, ಎರಡನೇ ಸಾಲು ಬಿಟ್ರೀ!" ನನ್ನದೇ ಕ್ಲಾಸು, ಒಕ್ಕೊರಲಿನಿಂದ. ಬಾಯಿಂದ ಬಂದದ್ದನ್ನೆಲ್ಲ ಒಳಗೆ ಇಡಬೇಕು, ಏನೂ ಬಿಡಬಾರದು ಎಂದು ಕಲಿಸಿದವನು ನಾನೇ.

ಒಬ್ಬ ಹುಡುಗಿ ಕೈ ಎತ್ತಿದಳು: "ಅಕ್ಕಾರ, ಹೊಟ್ಟಿಕಿಚ್ಚ ಇದ್ದವರಿಗೆ ಇಂಗ್ಲಿಷ್‌ನ್ಯಾಗ ಏನಂತಾರ್ರೀ?"

ಅಕ್ಕಾರು ತಡವರಿಸಿದರು. ಗೊತ್ತಿಲ್ಲದೆ ಅಲ್ಲ, ನನ್ನ ಮೇಲಿನ ಮರ್ಯಾದೆಗೆ. "ಅದು... ಸರ್ ಹೇಳ್ತಾರವಾ," ಎಂದರು.

ಹೇಳಿದೆ. "ಜೆಲಸ್."

ಹೊಸ ಶಬ್ದ ಬಂದಾಗ ಎಲ್ಲರೂ ಕೂಡಿ ಹೇಳುವುದು ನಮ್ಮ ಶಾಲೆಯ ರೂಢಿ. ಎರಡೂ ವರ್ಗದ ಮಕ್ಕಳು ನನ್ನ ಕಡೆ ನೋಡುತ್ತ ಮೂರು ಸಲ ಗಟ್ಟಿಯಾಗಿ ಹೇಳಿದರು: "ಜೆಲಸ್! ಜೆಲಸ್! ಜೆಲಸ್!" ಹಿಂದಿನ ಸಾಲಿನ ಕೆಲವು ಶಿಕ್ಷಕರೂ ದನಿಗೂಡಿಸಿದರು.

ಬೋರ್ಡಿನ ಮೇಲೆ ಒಂದು ಕಾಮಾ ಕೂಡ ತಪ್ಪಿರಲಿಲ್ಲ. ಇಂಥ ಜೀವಂತ ಪಾಠ ತಾವು ನೋಡಿಲ್ಲವೆಂದು ಅಧಿಕಾರಿ ಹೇಳಿದರು. ಬರುವ ತಿಂಗಳು ಧಾರವಾಡದ ದೊಡ್ಡ ಸಭೆಯಲ್ಲಿ ಇದೇ ಪಾಠ ಆಗಬೇಕೆಂದು ಅಲ್ಲಿಯೇ ತೀರ್ಮಾನವಾಯಿತು. ಕರೆ ಇಬ್ಬರಿಗೆ: ಅಕ್ಕಾರಿಗೆ, ಮತ್ತು ನನ್ನ ಹೆಂಡತಿಗೆ.

ಮನೆಗೆ ಬರುವಾಗ ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ. ಅದು ಹೊಸದಲ್ಲವಾದ್ದರಿಂದ ಅವಳಿಗೆ ಬಹಳ ಹೊತ್ತು ತಿಳಿಯಲಿಲ್ಲ. ಮನೆ ಹತ್ತಿರ ಬಂದಾಗ ನನ್ನ ಮುಖ ನೋಡಿ ನಿಂತಳು.

"ಅಯ್ಯ, ಈಗ ನನ್ನ ಮ್ಯಾಲೂ ಶುರು ಆತೇನ್ರೀ?"

ನಾನು ಗೇಟು ತೆಗೆಯುವುದರಲ್ಲಿ ಮಗ್ನನಾದೆ.

"ನೀವೂ ಬರ್ರಿ ಧಾರವಾಡಕ್ಕ," ಎಂದು ಸಮಾಧಾನ ಹೇಳಿದಳು. "ಬೋರ್ಡ್ ಒರಸಾಕ ಯಾರರೆ ಬೇಕಲ್ಲ."